ಘಾಟಿಯಲ್ಲಿ ಮಾತ್ರ ಕಾಣುವ ರೋಗ

ಹೆಬ್ರಿಯನ್ನು ದಾಟಿ ಸೋಮೇಶ್ವರ ಸೇರುವವರೆಗೆ ದಾರಿ ಸಾಧುವಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಅದರ ಸ್ವಭಾವವೇ ಬೇರೆ. ಕರಾವಳಿಯ ಸೆಕೆಯನ್ನು ಕೆಳಗೆ ಬಿಟ್ಟು, ಹಾವಿನಂತೆ ಸುತ್ತುವ 14 ತಿರುವುಗಳನ್ನು ಹತ್ತಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯನ್ನು ಮುಟ್ಟಬೇಕು. ಸುತ್ತಲೂ ಅಭಯಾರಣ್ಯದ ದಟ್ಟ ಕಾಡು. ಅದೃಷ್ಟವಿದ್ದರೆ ಕೊಂಬೆಯಿಂದ ಕೊಂಬೆಗೆ ಜಿಗಿಯುವ ಸಿಂಗಳೀಕಗಳ ದರ್ಶನ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಾದುದರಿಂದ ಬೇಸಗೆಯಲ್ಲಿಯೂ ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ನೀರು ಜಿನುಗುತ್ತಿರುತ್ತದೆ. ಸೂರ್ಯಾಸ್ತವನ್ನು ನೋಡಬಂದವರಿಗೆ ಇದು ರಮ್ಯವಾದ ದಾರಿ. ಆದರೆ ತೀರ್ಥಹಳ್ಳಿಯ ಕಡೆಯ ಅನೇಕ ಮನೆಗಳಿಗೆ ಇದು ಮಣಿಪಾಲದ ಆಸ್ಪತ್ರೆಯ ದಾರಿ.

ಅಂಥ ಒಂದು ಅಡಿಕೆ ತೋಟದ ಮನೆಯ ಹಿರಿಯರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಬಾರಿ ಘಟ್ಟ ಇಳಿದು ರಕ್ತಶುದ್ಧಿ ಮಾಡಿಸಿಕೊಂಡು, ಸೋತ ಮೈಯಲ್ಲಿ ಮರಳಿ ಘಟ್ಟ ಹತ್ತಬೇಕು. ಮಗನು ನಡೆಸುತ್ತಿದ್ದುದು ಮನೆಯಲ್ಲಿದ್ದ ಹಳೆಯ ಪೆಟ್ರೋಲು ಅಂಬಾಸಡರ್. ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಗಾಡಿಯ ತಯಾರಿಕೆ ನಿಂತುಹೋದದ್ದು 2014ರಲ್ಲಿ. ಈ ಮನೆಯದು ಅದಕ್ಕಿಂತ ಬಹಳ ಹಿಂದಿನದು. ಹಿಂದಿನ ಸೀಟಿನಲ್ಲಿ ರೋಗಿಯು ಕಾಲು ಚಾಚಿ ಮಲಗಬಹುದು ಎಂಬುದೇ ಅದನ್ನು ಮಾರದೆ ಉಳಿಸಿಕೊಂಡುದಕ್ಕೆ ಕಾರಣ.

ಆ ಗಾಡಿಗೂ ಒಂದು ರೋಗ ಹತ್ತಿತು. ಇಳಿಯುವಾಗ ಏನೂ ಇಲ್ಲ. ಮಣಿಪಾಲದ ಬೀದಿಗಳಲ್ಲಿ ಏನೂ ಇಲ್ಲ. ಸಂಜೆ ಮರಳುವಾಗ, ಎಂಟನೆಯ ತಿರುವಿನ ಆಚೀಚೆ, ಎರಡನೆಯ ಗೇರಿನಲ್ಲಿ ಏದುತ್ತಿರುವಾಗ ಎಂಜಿನ್ ನಿಂತುಬಿಡುವುದು. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಮತ್ತೆ ಹೊರಡುವುದು. ಹಿಂದೆ ಕಂದಕ, ಎದುರಿಗೆ ಇಳಿದು ಬರುವ ವಾಹನ, ಒಳಗೆ ನರಳುವ ತಂದೆ. ಒಂದು ದಿನವಂತೂ ಕತ್ತಲಾಗುವವರೆಗೂ ಅದು ಅಲ್ಲಿಂದ ಕದಲಲಿಲ್ಲ.

ಇದು ಪೆಟ್ರೋಲು ಆವಿಯಾಗುವ ತೊಂದರೆಯೆಂದು ನೋಡಿದವರೆಲ್ಲರೂ ಹೇಳಿದರು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಏರಿನಲ್ಲಿ ವೇಗ ಕಡಿಮೆ, ಗಾಳಿ ಕಡಿಮೆ, ಬಾನೆಟ್ಟಿನ ಕೆಳಗೆ ಕಾವು ಹೆಚ್ಚು. ಕೊಳವೆಯಲ್ಲಿಯೇ ಪೆಟ್ರೋಲು ಕುದಿದು ಆವಿಯಾದರೆ ಪಂಪು ಅದನ್ನು ಮುಂದಕ್ಕೆ ತಳ್ಳಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ನಮ್ಮ ಚಾಲಕರ ಹಳೆಯ ಮದ್ದು. ಮಗನು ಝರಿಯಿಂದ ನೀರು ತಂದು ಬಟ್ಟೆ ಹಾಕಿದ, ಗಾಡಿ ಹೊರಟಿತು. ಮರುವಾರವೂ ಹಾಗೆಯೇ. ರೋಗವೂ ಮದ್ದೂ ತಿಳಿದವೆಂದಾಯಿತು! ಪಂಪಿನ ಪೊರೆ ಬದಲಾಯಿತು, ಕಾರ್ಬುರೇಟರು ಶುದ್ಧವಾಯಿತು, 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ಕ್ಕೆ ಏರಿದ ಎಥೆನಾಲಿನ ಮೇಲೂ ಸಂಶಯ ಹೋಗಿ ಹಳೆಯ ರಬ್ಬರು ಕೊಳವೆಗಳೆಲ್ಲ ಹೊಸದಾದವು. ಕೊಳವೆ ಬದಲಿಸಿದ್ದು ಹೇಗೂ ಒಳ್ಳೆಯದೇ. ಹಳೆಯ ರಬ್ಬರಿಗೆ ಎಥೆನಾಲು ಹಿತವಲ್ಲ. ಗಾಡಿ ಮಾತ್ರ ಎಂಟನೆಯ ತಿರುವಿನ ನಿಷ್ಠೆಯನ್ನು ಬಿಡಲಿಲ್ಲ.

ಗ್ಯಾರೇಜಿನವರನ್ನು ದೂರುವುದು ಸುಲಭ, ನ್ಯಾಯವಲ್ಲ. ಅವರ ಮುಂದೆ ಬಂದು ನಿಲ್ಲುತ್ತಿದ್ದುದು ಆರೋಗ್ಯವಂತ ಎಂಜಿನ್. ಕಡೆಗೆ ಹೆಬ್ರಿಯ ಕಡೆಯ ಒಬ್ಬ ವೃದ್ಧ ಮೇಸ್ತ್ರಿ ಸಲಕರಣೆಗಳನ್ನು ಮುಟ್ಟದೆಯೇ ಒಂದು ಪ್ರಶ್ನೆ ಕೇಳಿದ: “ಗೌಡರೇ, ಕೆಮ್ಮಿ ಕೆಮ್ಮಿ ನಿಲ್ಲುತ್ತದೆಯೋ, ದೀಪ ಆರಿದ ಹಾಗೆ ನಿಲ್ಲುತ್ತದೆಯೋ?”

“ದೀಪ ಆರಿದ ಹಾಗೆ.”

“ಹಾಗಾದರೆ ಇಲ್ಲಿ ನೋಡಿ ಪ್ರಯೋಜನವಿಲ್ಲ. ನಾನೂ ಬರುತ್ತೇನೆ.”

ಪೆಟ್ರೋಲು ಸಾಲದ ಎಂಜಿನ್ ಸಾಮಾನ್ಯವಾಗಿ ತಡವರಿಸಿ, ಬಲಗುಂದಿ, ಆಮೇಲೆ ನಿಲ್ಲುತ್ತದೆ. ಕಿಡಿ ತಪ್ಪಿದ್ದು ಥಟ್ಟನೆ ನಿಲ್ಲುವುದುಂಟು. ಕಾಲವೂ ಸಾಕ್ಷಿ ಹೇಳುತ್ತದೆ. ಮಳೆಗಾಲದ ಮುಂಜಾನೆ ಮುಗ್ಗರಿಸಿ, ಕಾವೇರಿದ ಮೇಲೆ ಸರಿಹೋಗುವ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ಹಿಡಿದಿರಬಹುದು. ಒಣಬಟ್ಟೆಯಿಂದ ಒರೆಸಿದರೆ ಆಯಿತು. ಟ್ಯಾಂಕಿನ ಮುಚ್ಚಳ ತೆಗೆದೊಡನೆ ಉಸ್ಸೆಂದು ಗಾಳಿ ಎಳೆದುಕೊಂಡು ಗಾಡಿ ಚೇತರಿಸಿಕೊಂಡರೆ ಗಾಳಿಯ ರಂಧ್ರ ಕಟ್ಟಿದೆ ಎಂದರ್ಥ. ಈ ಗಾಡಿಯ ಚಾಳಿ ತದ್ವಿರುದ್ಧ: ಕಾವೇರಿದಾಗ ರೋಗ, ತಣಿದಾಗ ಗುಣ.

ಅಂದು ಸಂಜೆ ಏಳನೆಯ ತಿರುವು ಕಳೆದೊಡನೆ ಎಂಜಿನ್ ನಿಂತಿತು. ಮೇಸ್ತ್ರಿ ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟ. ನೀರಿಗೆಂದು ಹೊರಟ ಮಗನನ್ನು ತಡೆದ, ಎಂಜಿನ್ ತಣಿಯಬಾರದು. ಪೆಟ್ರೋಲು ಕೊಳವೆಯನ್ನು ಬಿಚ್ಚಲೂ ಇಲ್ಲ. ಕಾದ ಎಂಜಿನಿನ ಬಳಿ ಕಿಡಿಯನ್ನೂ ಪೆಟ್ರೋಲನ್ನೂ ಒಟ್ಟಿಗೆ ಹೊರತೆಗೆಯುವುದು ಹುಚ್ಚುತನ. ಒಂದು ತಂತಿಯನ್ನು ಬಿಡಿಸಿ ಕೈಯಲ್ಲಿದ್ದ ಹೊಸ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನಿನ ಲೋಹಕ್ಕೆ ಒತ್ತರಿಸಿ ಇಟ್ಟು, ಕೀಲಿ ತಿರುಗಿಸಲು ಹೇಳಿದ. ಕಿಡಿಯಿಲ್ಲ. ಕಾಯಿಲಿನ ನಡುತಂತಿಯಲ್ಲಿಯೂ ಇಲ್ಲ. ಚಿಕ್ಕ ಬಲ್ಬು ಹಿಡಿದು ನೋಡಿದರೆ ಕಾಯಿಲಿನವರೆಗೆ ವಿದ್ಯುತ್ತು ಬರುತ್ತಿದೆ. ಪಾಯಿಂಟುಗಳು ತೆರೆದು ಮುಚ್ಚುತ್ತಿವೆ. ಉಳಿದವು ಎರಡೇ, ಕಾಯಿಲು ಅಥವಾ ಕಂಡೆನ್ಸರು.

ಚೀಲದಿಂದ ಬೇರೊಂದು ಕಾಯಿಲನ್ನು ತೆಗೆದು ತಂತಿಗಳನ್ನು ಅದಕ್ಕೆ ಸೇರಿಸಿದ. ಎಲ್ಲ ಸೇರಿ ಐದು ನಿಮಿಷವಿದ್ದೀತು. ಬಾನೆಟ್ಟಿನಿಂದ ಇನ್ನೂ ಬಿಸಿ ಹೊಮ್ಮುತ್ತಿತ್ತು. ಕೀಲಿ ತಿರುಗಿತು, ಎಂಜಿನ್ ಮೊದಲ ಸುತ್ತಿಗೇ ಹಿಡಿಯಿತು.

ಹಾಗಾದರೆ ಒದ್ದೆ ಬಟ್ಟೆಯಿಂದ ಗುಣವಾಗುತ್ತಿದ್ದುದು ಹೇಗೆ? ಝರಿಗೆ ಹೋಗಿ ಬರಲು, ಬಟ್ಟೆ ನೆನೆಸಲು, ಕಾಯಲು ಹಿಡಿದ ಅರ್ಧ ಗಂಟೆಯಲ್ಲಿ ಕಾಯಿಲು ತಾನಾಗಿಯೇ ತಣಿಯುತ್ತಿತ್ತು. ಕೀರ್ತಿ ಬಟ್ಟೆಗೆ ಹೋಗುತ್ತಿತ್ತು, ಖರ್ಚು ಪಂಪಿಗೆ.

ಹಿಂದಿನ ಸೀಟಿನಿಂದ ಹಿರಿಯರು, “ಇಷ್ಟು ಬೇಗ ಹೊರಟೆವೇ?” ಎಂದರು. ಆಗುಂಬೆ ತಲಪಿದಾಗ ಸೂರ್ಯಾಸ್ತದ ಜನ ಇನ್ನೂ ಚದುರಿರಲಿಲ್ಲ. ಮೇಸ್ತ್ರಿ ಹಳೆಯ ಕಾಯಿಲನ್ನು ಚೀಲದಲ್ಲಿಟ್ಟುಕೊಂಡು ಕೆಳಗಿಳಿಯುವ ಮಿನಿ ಬಸ್ಸು ಹತ್ತಿದ. ಮರುದಿನ ಗ್ಯಾರೇಜಿನಲ್ಲಿ ಪರೀಕ್ಷಿಸಿದಾಗ ಅದು ಚೆನ್ನಾಗಿಯೇ ನೀಲಿ ಕಿಡಿ ಕೊಟ್ಟಿತು. ಬಿಸಿಗಾಳಿ ಊದಿ ಕಾಯಿಸಿದ ಮೇಲೆ ಕಿಡಿ ಕೆಂಪಗೆ ಮಂಕಾಗಿ, ಸ್ವಲ್ಪ ಹೊತ್ತಿನಲ್ಲಿ ಇಲ್ಲವಾಯಿತು.