ತೋಟದೊಳಗಿನ ನೀರು ರಾಡಾರಿಗೆ ಕಾಣುತ್ತಾ?

ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆಯನ್ನು ಉಪಗ್ರಹದ ರಾಡಾರ್ ಚಿತ್ರಗಳಲ್ಲಿ ಮಷೀನ್ ಲರ್ನಿಂಗ್‌ನಿಂದ ಗುರುತಿಸೋದು ಹೇಗೆ ಅಂತ ಸೀನಿಯರ್ ಒಬ್ರು ಸೆಮಿನಾರ್ ಕೊಟ್ರು. ಹೊಸದುರ್ಗದವನಾದ ನಾನು ಐಸ್ ನೋಡಿರೋದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ! ಆದ್ರೂ ಕೇಳ್ತಾ ಕೇಳ್ತಾ ನೆನಪಾಗಿದ್ದು ನಮ್ಮ ವಾಣಿವಿಲಾಸ ಸಾಗರ.

ರಾಡಾರ್ ತಾನೇ ಅಲೆ ಕಳಿಸಿ, ವಾಪಸ್ ಬಂದಿದ್ದನ್ನು ಅಳೆಯುತ್ತೆ. ಹಾಗಾಗಿ ಮೋಡ, ಕತ್ತಲೆ ಅಡ್ಡಿಯಿಲ್ಲ. ನಿಂತ ನೀರು ಕನ್ನಡಿ ಇದ್ದಂಗೆ. ಅಲೆಯನ್ನು ಆಚೆ ಕಡೆ ತಳ್ಳಿಬಿಡುತ್ತೆ, ಚಿತ್ರದಲ್ಲಿ ಕಪ್ಪಗೆ ಕಾಣುತ್ತೆ. ಒರಟು ನೆಲ ಬೆಳ್ಳಗೆ. ಆದರೆ ಗಾಳಿ ಬೀಸಿದ್ರೆ ನೀರೂ ಒರಟಾಗುತ್ತೆ. ಆರ್ಕ್ಟಿಕ್‌ನಲ್ಲಿ ಅದು ಮಂಜುಗಡ್ಡೆಯಂತೆ ಕಂಡು ಮಾಡೆಲ್ ಮೋಸ ಹೋಗುತ್ತೆ. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ವಿಂಡ್‌ಮಿಲ್. ಇಲ್ಲಿ ತುಂಬಿದ ಕೆರೆ ನೆಲದಂತೆ ಕಾಣಬಹುದು. ಹೊಳಲ್ಕೆರೆ ಕಡೆಯ ಸಪಾಟಾದ ಒಣ ಕೆರೆಯಂಗಳ ನೀರಿನಂತೆ ಕಾಣಬಹುದು. ಅದಕ್ಕೇ ಮಾಡೆಲ್‌ಗೆ ವಿವಿ, ವಿಎಚ್ ಅನ್ನೋ ಎರಡು ಚಾನೆಲ್ ಕೊಡ್ತಾರೆ. (ವಿವಿ ಸಾಗರಕ್ಕೂ ಇದಕ್ಕೂ ಸಂಬಂಧವಿಲ್ಲ!)

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ಈ ಡ್ಯಾಂ 1907ರಲ್ಲಿ ಮುಗಿಯಿತು. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಹಿರಿಯೂರಿನವರಿಗೆ ಹಬ್ಬ. ಹಿನ್ನೀರಿನ ಕಡೆ ಇರೋ ನಮಗೆ ಅಷ್ಟೊಂದು ಹಬ್ಬವಲ್ಲ. ದೊಡ್ಡಪ್ಪನ ತೆಂಗಿನ ತೋಟದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು.

ಆ ತಿಂಗಳ ಸೆಂಟಿನೆಲ್-1 ಚಿತ್ರ ಉಚಿತವಾಗಿ ಸಿಗುತ್ತೆ, ತೆಗೆದು ನೋಡಿದೆ. ಡ್ಯಾಂ ಕಪ್ಪಗೆ, ನೀಟಾಗಿದೆ. ದೊಡ್ಡಪ್ಪನ ತೋಟ ಬೆಳ್ಳಗೆ! ಕಾರಣ ಇದೆ. ಅದರ ಅಲೆಯ ಉದ್ದ ಸುಮಾರು 5.6 ಸೆಂ.ಮೀ.; ಹೆಚ್ಚಿನದು ಗರಿಗಳಿಗೇ ಬಡಿದು ವಾಪಸ್ ಬರುತ್ತೆ. ಒಳಗೆ ಹೋದದ್ದೂ ನೀರಿಗೆ ಬಡಿದು, ಕಾಂಡಕ್ಕೆ ಬಡಿದು ಉಪಗ್ರಹದ ಕಡೆಗೇ ತಿರುಗಬಹುದು. ಕಪ್ಪಗಿದ್ದರೆ ನೀರು ಅಂತ ಕಲಿತ ಮಾಡೆಲ್ ಅದನ್ನ ಒಣ ತೋಟ ಅಂತಾನೇ ಹೇಳುತ್ತೆ.

ದೊಡ್ಡಪ್ಪನಿಗೆ ಹೇಳಿದ್ದಕ್ಕೆ, "ನಿನ್ನ ಸ್ಯಾಟಲೈಟಿಗೆ ಒಂದ್ಸಲ ತೋಟಕ್ಕಿಳಿಯೋಕೆ ಹೇಳಪ್ಪ" ಅಂದ್ರು.

ನಕ್ಕೆ. ಆದರೆ ನಾಳೆ ಇಂಥ ನಕ್ಷೆ ನೋಡಿಯೇ ಪರಿಹಾರದ ಪಟ್ಟಿ ಮಾಡಿದ್ರೆ? 2022ರಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಊರಿನವರಿಗೆ ಮರ ಮರ ಸಮೇತ ಗೊತ್ತು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದ 24 ಸೆಂ.ಮೀ. ಅಲೆ ಗರಿಗಳನ್ನು ಇನ್ನೂ ಚೆನ್ನಾಗಿ ದಾಟುತ್ತೆ. ಆದರೆ ಅದರ ಚಿತ್ರಕ್ಕೂ ಲೇಬಲ್ ಕೊಡೋರು ಬೇಕಲ್ಲ. ಈ ರಜೆಯಲ್ಲಿ ದೊಡ್ಡಪ್ಪನ ಜೊತೆ ನಡೆದು, ಆ ಗೆರೆಯನ್ನ ಮೊಬೈಲ್ ಜಿಪಿಎಸ್‌ನಲ್ಲಿ ಗುರುತು ಮಾಡ್ತೀನಿ. ಹಿರಿಯೂರು, ಹೊಳಲ್ಕೆರೆ ಕಡೆಯವರು ಯಾರಾದ್ರೂ ಇದ್ರೆ ನಿಮ್ಮೂರಿನ ಕೆರೆಯಿಂದ ಶುರು ಮಾಡಿ.