ನಮ್ಮ ಸಂಘದ ನಾಲ್ಕು ಪುಟ

ವೃದ್ಧರಿಗಾಗಿ ಹೊರಡಿಸತಕ್ಕ ಪತ್ರಿಕೆಯಲ್ಲಿ ಆರೋಗ್ಯದ ವಿಷಯವು ಆದಷ್ಟು ಕಡಿಮೆಯಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅರವತ್ತು ದಾಟಿದವನು ಎತ್ತ ತಿರುಗಿದರೂ, ಉಪ್ಪು ಕಡಿಮೆ ಮಾಡಿ, ಸಕ್ಕರೆ ಬಿಡಿ, ಮೆಟ್ಟಿಲು ನೋಡಿ ಹತ್ತಿ ಎಂಬ ಹಿತೋಪದೇಶವು ವೈದ್ಯರ ಬಾಯಿಂದಲೂ ಸೊಸೆಯ ಬಾಯಿಂದಲೂ ಕಡೆಗೆ ಬಸ್ಸಿನ ಕಂಡಕ್ಟರನ ಬಾಯಿಂದಲೂ ಧಾರಾಳವಾಗಿ ದೊರೆಯುತ್ತಿರುವಾಗ, ಅದನ್ನೇ ಅಚ್ಚು ಹಾಕಿಸಿ ಮತ್ತೆ ಅವನ ಕೈಗಿಡುವುದು ಸೌಜನ್ಯವೆನಿಸದು.

ನಮ್ಮ ಹಿರಿಯರ ಸಂಘವಿರುವುದು ಸೇಲಂ ನಗರದ ನೇಕಾರರ ಬೀದಿಯೊಂದರಲ್ಲಿ. ಇಲ್ಲಿಯ ದೇವಾಂಗರ ಮನೆಗಳಲ್ಲಿ ಕೆಲವರ ಮಾತು ಕನ್ನಡ, ಕೆಲವರದು ತೆಲುಗು. ಚೌಡೇಶ್ವರಿಯಾದರೋ ಎಲ್ಲರಿಗೂ ಕುಲದೇವತೆ. ಸಂಜೆ ಬಿಸಿಲಿಳಿದ ಮೇಲೆ ಜಗಲಿಯಲ್ಲಿ ಬಂದು ಕೂರುವವರಲ್ಲಿ ವೆಣ್‌ಪಟ್ಟು ಎಂಬ ಬಿಳಿ ರೇಷ್ಮೆಯ ಪಂಚೆಯನ್ನು ನೇಯ್ದು ಬೆನ್ನು ಬಾಗಿದವರೂ, ರೈಲ್ವೆಯಿಂದ ನಿವೃತ್ತರಾದವರೂ, ಮಗನ ಮನೆಗೆಂದು ಧರ್ಮಪುರಿಯ ಕಡೆಯಿಂದ ಬಂದು ನೆಲೆಸಿದವರೂ ಇದ್ದಾರೆ. ಡೆಂಕಣಿಕೋಟೆಯಲ್ಲಿ ಹುಟ್ಟಿದ ಹಿರಿಯರೊಬ್ಬರಿದ್ದಾರೆ. ಅವರು ಹುಟ್ಟಿದಾಗ ಸೇಲಂ ಜಿಲ್ಲೆಯಲ್ಲಿದ್ದ ಆ ಊರು 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. “ನಾನು ಕೂತಲ್ಲೇ ಕೂತಿದ್ದೆನಪ್ಪಾ, ಜಿಲ್ಲೆಗಳೇ ಎದ್ದು ಹೋದವು” ಎನ್ನುತ್ತಾರೆ. ಈ ಮಾತನ್ನು ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ಹಾಕಿದೆ. ಅಂದಿನಿಂದ ಜನ ನನ್ನ ಮುಂದೆ ಸ್ವಲ್ಪ ಯೋಚಿಸಿ, ಅಂದವಾಗಿ ಮಾತನಾಡತೊಡಗಿದ್ದಾರೆ.

ತೊಡಕೊಂದಿತ್ತು. ನಮ್ಮವರು ಆಡುವುದು ಕನ್ನಡ, ಓದುವುದು ತಮಿಳು. ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ದೊರೆತಿವೆಯೆಂಬುದು ಅಭಿಮಾನಕ್ಕೆ ಒದಗುವ ಸಂಗತಿಯೇ ಹೊರತು, ತಮಿಳು ಶಾಲೆಯಲ್ಲಿ ಅಕ್ಷರ ಕಲಿತ ಮುದುಕನಿಗೆ ಪತ್ರಿಕೆ ಓದುವಾಗ ಸಹಾಯಕ್ಕೆ ಬರತಕ್ಕದ್ದಲ್ಲ. ಕನ್ನಡವನ್ನೇ ತಮಿಳಕ್ಷರದಲ್ಲಿ ಬರೆಯೋಣವೆಂದರೆ ಅಲ್ಲಿ ಕಕಾರ ಗಕಾರಗಳಿಗೆ ಒಂದೇ ಲಿಪಿ. ಗಂಡನು ಕಂಡನಾಗಿ ಸಭೆ ನಕ್ಕಿತು. ಆದುದರಿಂದ ಎರಡು ಪುಟ ಕನ್ನಡ, ಎರಡು ಪುಟ ತಮಿಳು ಎಂದು ಗೊತ್ತುಮಾಡಿ, ತಿಂಗಳ ಮೊದಲ ಭಾನುವಾರ ನಾಲ್ಕನ್ನೂ ಜಗಲಿಯಲ್ಲಿ ಗಟ್ಟಿಯಾಗಿ ಓದುವ ಏರ್ಪಾಡಾಯಿತು. ಪುರಾಣ ಓದಿಸಿ ಕೇಳಿದ ವಂಶದವರಿಗೆ ಇದು ಹೊಸದೇನಲ್ಲ. ಕಿವಿಗೆ ಹಿತವಾಗಿರಬೇಕೆಂದು ಬರೆದ ವಾಕ್ಯವು ಕಣ್ಣಿಗೂ ಹಿತವಾಗುತ್ತದೆಂಬುದನ್ನು ಈ ಓದಿನಿಂದಲೇ ಕಂಡುಕೊಂಡೆನು.

ಕನ್ನಡ ಲಿಪಿಯೂ ಪತ್ರಿಕೆಯ ಚಾಳಿಯೂ ನನಗೆ ಹತ್ತಿದ್ದು ಬೆಂಗಳೂರಿನ ಕಚೇರಿಯಲ್ಲಿ. ಹಂಗೆರಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಡೇವಿಡ್ ಗೆಸ್ಟೆಟ್ನರ್ ಎಂಬಾತನ ಹೆಸರು ಹೊತ್ತ ಸೈಕ್ಲೋಸ್ಟೈಲ್ ಯಂತ್ರವೊಂದು ಅಲ್ಲಿತ್ತು. ನೌಕರರ ಸಂಘದ ಪತ್ರಿಕೆಯನ್ನು ಸಂಜೆ ಕಚೇರಿ ಮುಗಿದ ಮೇಲೆ ಅದರಲ್ಲಿ ತೆಗೆಯುತ್ತಿದ್ದೆವು. ಇಂಗ್ಲಿಷಾದರೆ ಟೈಪ್‌ರೈಟರಿನ ರಿಬ್ಬನ್ನು ಸರಿಸಿ ಬರಿಯ ಅಚ್ಚಿನಿಂದ ಮೇಣದ ಸ್ಟೆನ್ಸಿಲ್ ಕಾಗದವನ್ನು ಕುಟ್ಟಿದರೆ ಮುಗಿಯಿತು. ಕನ್ನಡವನ್ನು ಉಕ್ಕಿನ ಮೊನೆಯಿಂದ ಕೈಯಲ್ಲೇ ಕೊರೆಯಬೇಕು. ಕೈ ಹಗುರಾದರೆ ಅಕ್ಷರ ಮೂಡದು. ಭಾರವಾದರೆ ಠಕಾರದ ಹೊಟ್ಟೆ ಹರಿದುಬಿದ್ದು, ಅಚ್ಚಿನಲ್ಲಿ ಅಲ್ಲೊಂದು ಕರಿಯ ಬೊಟ್ಟು. ತಿದ್ದುವುದಕ್ಕೆ ಉಗುರು ಬಣ್ಣದ ವಾಸನೆಯ ಕೆಂಪು ದ್ರವವನ್ನು ಹಚ್ಚಿ, ಬಾಯಿಂದ ಊದಿ ಆರಿಸಿ, ಅದರ ಮೇಲೆ ಮತ್ತೆ ಕೊರೆಯುವುದು. ಹಿಡಿಯನ್ನು ತಿರುಗಿಸಿದಂತೆಲ್ಲ ಒದ್ದೆ ಹಾಳೆಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದ ಆ ಹೊತ್ತಿನಲ್ಲಿ, ಲೇಖಕನಾಗುವುದಕ್ಕಿಂತ ಮುದ್ರಕನಾಗುವುದೇ ಮೇಲೆಂದು ಅನೇಕ ಸಲ ತೋರಿದ್ದುಂಟು.

ಕನ್ನಡದ ಮೊದಲ ಪತ್ರಿಕೆಯೂ ಇಂಥ ಕೈಕೆಲಸದ್ದೇ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಟಿತು; ಊರ ವರ್ತಮಾನವೂ ಸರ್ಕಾರಿ ನಿರೂಪವೂ ಕಥೆಯೂ ಅದರಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದವು. ಪತ್ರಿಕೆಯಲ್ಲಿ ಬುದ್ಧಿ ಹೇಳುವ ಬಗೆಗೆ ನಮ್ಮ ನೆಲದಲ್ಲೇ ಒಂದು ನಿದರ್ಶನವುಂಟು. ಒಂದು ಕಾಲಕ್ಕೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿಯವರು, ಆಗ ಇದೇ ಜಿಲ್ಲೆಗೆ ಸೇರಿದ್ದ ತಿರುಚ್ಚೆಂಗೋಡಿನ ಗಾಂಧಿ ಆಶ್ರಮದಿಂದ 1929ರಲ್ಲಿ ‘ವಿಮೋಚನಂ’ ಎಂಬ ತಮಿಳು ಮಾಸಪತ್ರಿಕೆಯನ್ನು ಹೊರಡಿಸಿದರು. ತಮಿಳು ಕಥೆಗಾರ ಕಲ್ಕಿಯವರು ಅವರಿಗೆ ಸಹಾಯಕರು. ಪತ್ರಿಕೆಯ ವಿಷಯವೆಲ್ಲ ಒಂದೇ, ಕುಡಿತ ಬಿಡಿ ಎಂಬುದು. ಆದರೂ ಕಥೆ ಚಿತ್ರಗಳ ಮೂಲಕ ಹೇಳಿದ್ದರಿಂದ ಜನ ಓದಿದರು. 1937ರ ಅಕ್ಟೋಬರ್ 1ರಂದು ಮದ್ರಾಸು ಪ್ರಾಂತದಲ್ಲಿ ಪಾನನಿಷೇಧವು ಮೊದಲು ಜಾರಿಗೆ ಬಂದುದೂ ಸೇಲಂ ಜಿಲ್ಲೆಯಲ್ಲಿಯೇ. ಬುದ್ಧಿ ಹೇಳಲೇಬೇಕಾದರೆ ಹೀಗೆ ಹೇಳತಕ್ಕದ್ದು.

ನಮ್ಮ ಪತ್ರಿಕೆಯಲ್ಲಿ ಎಲ್ಲರೂ ತಪ್ಪದೆ ಹುಡುಕುವುದು ಮೆಟ್ಟೂರು ಅಣೆಕಟ್ಟಿನ ನೀರಿನ ಮಟ್ಟ. 1934ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಪೂರ್ಣಮಟ್ಟ 120 ಅಡಿ. ಜೂನ್ 12ಕ್ಕೆ ತಂಜಾವೂರು ಸೀಮೆಗೆ ನೀರು ಬಿಡುವುದು ವಾಡಿಕೆ. ಒಂದು ಗುಂಟೆ ಗದ್ದೆಯಿಲ್ಲದವರೂ ಈ ಅಂಕಿಯ ಮೇಲೆ ವಾದಿಸುತ್ತಾರೆ. ನೀರು ತಗ್ಗಿದಾಗ ಪಣ್ಣವಾಡಿಯ ಬಳಿ ಮುಳುಗಿದ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ. ಆ ಸುದ್ದಿಯನ್ನು ಓದಿದ ಭಾನುವಾರ, ಅದುವರೆಗೆ ಬಾಯಿಬಿಡದೆ ಬಾಗಿಲ ಹತ್ತಿರ ಕೂರುತ್ತಿದ್ದ ಅಜ್ಜಿಯೊಬ್ಬರು, “ನಮ್ಮವ್ವ ಸಣ್ಣವಳಾಗಿದ್ದಾಗ ಆ ಬಸವಣ್ಣನ ಬೆನ್ನ ಮೇಲೆ ಹತ್ತಿ ಕೂತು ಬೈಸಿಕೊಂಡಿದ್ದಳಂತೆ” ಎಂದರು. ಅವರು ಹೇಳಿದ್ದನ್ನು ಬರೆದುಕೊಂಡೆನು; ಮುಂದಿನ ಸಂಚಿಕೆಯ ಎರಡನೆಯ ಪುಟ ಪೂರ್ತಿ ಅವರದೇ.

ಉಪಯುಕ್ತ ವಿಷಯವಿಲ್ಲವೆಂದಲ್ಲ. ತಾನು ಬದುಕಿರುವೆನೆಂದು ಮನುಷ್ಯನು ವರ್ಷಕ್ಕೊಮ್ಮೆ ಪ್ರಮಾಣಪತ್ರದಿಂದ ಸಾಬೀತುಪಡಿಸಬೇಕಾದ ಈ ಕಾಲದಲ್ಲಿ, ಕೇಂದ್ರ ಸರ್ಕಾರದ ಪಿಂಚಣಿದಾರರು ಅದನ್ನು ನವೆಂಬರಿನಲ್ಲಿ ಒಪ್ಪಿಸಬೇಕು, ಎಂಬತ್ತು ದಾಟಿದವರು ಅಕ್ಟೋಬರಿನಿಂದಲೇ ಒಪ್ಪಿಸಬಹುದು, ಬೆರಳಚ್ಚು ಸವೆದವರಿಗೆ ಮುಖ ತೋರಿಸುವ ಕ್ರಮವೂ ಬಂದಿದೆ ಎಂಬುದನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ. ಹಿರಿಯರ ಸಹಾಯವಾಣಿ 14567 ಪ್ರತಿ ಸಂಚಿಕೆಯಲ್ಲೂ ಒಂದೇ ಜಾಗದಲ್ಲಿರುತ್ತದೆ. ಅಕ್ಷರ 16 ಪಾಯಿಂಟಿಗೆ ಕಡಿಮೆಯಿಲ್ಲ. ಕಾಗದಕ್ಕೆ ಹೊಳಪು ಕೂಡದು. ಪೊರೆ ತೆಗೆಸಿಕೊಂಡ ಕಣ್ಣಿಗೆ ಟ್ಯೂಬ್‌ಲೈಟಿನ ಕೆಳಗೆ ಅದು ಬರಿಯ ಬೆಳಕಿನ ಹಾಳೆ.

ಅಗಲಿದವರ ಸುದ್ದಿ ಕಡೆಯ ಪುಟದಲ್ಲಿ. ಅದನ್ನೇ ಮೊದಲು ಓದುತ್ತಾರೆಂಬುದು ಬಲ್ಲ ವಿಷಯ. ಕೀರ್ತಿಶೇಷ, ಅಜಾತಶತ್ರು ಮುಂತಾದ ವಿಶೇಷಣಗಳಿಗೆ ಅಲ್ಲಿ ಪ್ರವೇಶವಿಲ್ಲ. ಹೋದವರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತಿತ್ತೆಂದು ಒಂದು ವಾಕ್ಯ ಮಾತ್ರ. “ಕಡಿದ ಎಳೆಯನ್ನು ಗಂಟು ಕಾಣದಂತೆ ಕೂಡಿಸುತ್ತಿದ್ದರು” ಎಂದು ಒಬ್ಬರ ಬಗ್ಗೆ ಬರೆದಾಗ ಅವರ ಮಗ ಬಂದು ಹತ್ತು ಪ್ರತಿ ಕೇಳಿ ಒಯ್ದನು.

ಮುಂದಿನ ಸಂಚಿಕೆಗೆ ಲೇಖನಗಳು ಇದೇ ತಿಂಗಳ 20ರೊಳಗೆ ತಲುಪಬೇಕಾಗಿ ಪ್ರಾರ್ಥನೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಬರೆಯಲಾಗದವರು ಸಂಜೆ ಜಗಲಿಗೆ ಬಂದು ಹೇಳಿದರೆ ಸಾಕು, ನಾನು ಬರೆದುಕೊಳ್ಳುತ್ತೇನೆ. ಮಧುಮೇಹದ ವಿಷಯವೊಂದನ್ನು ಬಿಟ್ಟು.