ಮಳೆ ಲೆಕ್ಕದ ಡಿಸ್ಕು

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ‘ನಿನ್ನೆ ನಿಮ್ಮಲ್ಲಿ ಎಷ್ಟು ಸೆಂಟು?’ ಎನ್ನುವುದು ಅಲ್ಲಿ ‘ಊಟ ಆಯಿತೇ?’ ಎಂದಷ್ಟೇ ಸಹಜವಾದ ಮಾತು. ಅಂಥ ಒಂದು ಸಣ್ಣ ತೋಟದ ಯಜಮಾನರು 1961ರಿಂದ 2004ರವರೆಗೆ ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ತಿಂಗಳಿಗೊಂದು ಪುಟ. 44 ವರ್ಷಕ್ಕೆ 528 ಪುಟ.

ಅಜ್ಜ ತೀರಿಕೊಂಡ ಮೇಲೆ ರಿಜಿಸ್ಟರುಗಳು ಅಟ್ಟ ಸೇರಿದವು. 2018ರಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷಕ್ಕೆ ಬಂದ ಮೊಮ್ಮಗ ತನ್ನ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇರೆ ಇಲ್ಲವೆಂದು ಅವನ್ನು ಇಳಿಸಿದ. ಅರ್ಧಕ್ಕರ್ಧ ಗೆದ್ದಲು ಹಿಡಿದಿತ್ತು. ಪುಟಪುಟವನ್ನೂ ಜತನದಿಂದ ಬಿಡಿಸಿ ಸ್ಕ್ಯಾನ್ ಮಾಡಿದ. ಎಲ್ಲ ಮುಗಿದ ಮೇಲೆ, ಪುಡಿಯಾಗುತ್ತಿದ್ದ ಆ ಕಾಗದದ ಗಂಟನ್ನು ಏನು ಮಾಡುವುದೆಂದು ತಾಯಿ ಕೇಳಿದಾಗ, ‘ಕಂಪ್ಯೂಟರಿನಲ್ಲಿ ಬಂತಲ್ಲಮ್ಮ, ಇನ್ನು ಬೇಡ’ ಅಂದುಬಿಟ್ಟ. ಗಂಟು ಬಚ್ಚಲ ಒಲೆ ಸೇರಿತು. ಮುಂದಿನ ಕಥೆಗೆಲ್ಲ ಮೂಲ ಈ ಒಂದು ಮಾತೇ.

ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್. ತಂದೆಗೆ ತೋಟದ ಲೆಕ್ಕಕ್ಕೆ, ನುಡಿಯಲ್ಲಿ ಕನ್ನಡ ಪತ್ರ ಬರೆಯುವುದಕ್ಕೆ ವಿಂಡೋಸ್ ಬೇಕು; ಮಗನಿಗೆ ಲಿನಕ್ಸ್ ಬೇಕು. ಹೀಗಾಗಿ 500 ಜಿಬಿಯ ಒಂದೇ ಹಾರ್ಡ್ ಡಿಸ್ಕನ್ನು ಹೋಳು ಮಾಡಿ ಎರಡನ್ನೂ ಹಾಕಿದ್ದರು. ಯಂತ್ರ ಹಚ್ಚಿದಾಗ ‘ಗ್ರಬ್’ ಎಂಬ ಪುಟ್ಟ ತಂತ್ರಾಂಶ, ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಎಂದು ಕೇಳುತ್ತದೆ. ಇದು ಅಣ್ಣತಮ್ಮಂದಿರು ಪಾಲಾದ ಮೇಲೂ ಒಂದೇ ಸೂರಿನಡಿ ಇರುವ ಮನೆಯ ಹಾಗೆ. ನಡುವೆ ಗೋಡೆ ಎದ್ದಿರುತ್ತದೆ, ಒಲೆ ಬೇರೆ ಇರುತ್ತದೆ. ತೊಲೆ ಮಾತ್ರ ಒಂದೇ. ಹುಡುಗನೂ ದಡ್ಡನಲ್ಲ, ಡಿಸೆಂಬರಿನಲ್ಲಿ ಅಲ್ಲಿಯವರೆಗೆ ಸ್ಕ್ಯಾನ್ ಆಗಿದ್ದ 1988ರವರೆಗಿನ ಪುಟಗಳನ್ನೆಲ್ಲ ಇನ್ನೊಂದು ಪ್ರತಿ ಮಾಡಿ ಇಟ್ಟಿದ್ದ. ಎಲ್ಲಿ? ತಂದೆಯ ವಿಂಡೋಸ್ ಹೋಳಿನಲ್ಲಿ!

2019ರ ಫೆಬ್ರುವರಿಯಲ್ಲಿ ಲ್ಯಾಪ್‌ಟಾಪ್ ನಿಧಾನವಾಯಿತು. ಒಂದು ಫೋಲ್ಡರ್ ತೆರೆಯಲು ಹೋದರೆ ನಿಮಿಷಗಟ್ಟಲೆ ಮೌನ. ಡಿಸ್ಕು ಸದ್ಯದಲ್ಲೇ ಕೈಕೊಡಬಹುದೆಂದು ಲಿನಕ್ಸ್ ಒಂದೆರಡು ಸಲ ಎಚ್ಚರಿಕೆಯನ್ನೂ ಕೊಟ್ಟಿತು. ಪರೀಕ್ಷೆಯ ಗಡಿಬಿಡಿ ನೋಡಿ, ಹುಡುಗ ಎರಡು ವಾರ ಅದನ್ನು ಒರೆಸಿ ಹಾಕುತ್ತ ಬಂದ.

ಈ ನಿಧಾನಕ್ಕೆ ಕಾರಣವಿದೆ. ಇಂಥ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತಿರುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟುವುದಿಲ್ಲ; ಗಾಳಿಯ ತೆಳು ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಎಂದ ಮೇಲೆ ಆ ಅಂತರ ಎಷ್ಟೆಂದು ಊಹಿಸಿಕೊಳ್ಳಬಹುದು. ತಟ್ಟೆಯ ಮೇಲೆ ಮಾಹಿತಿ ‘ಸೆಕ್ಟರ್’ ಎಂಬ ಸಣ್ಣ ಸಣ್ಣ ಗದ್ದೆಗಳಲ್ಲಿರುತ್ತದೆ. ಒಂದು ಗದ್ದೆ ಕೆಟ್ಟರೆ ಡಿಸ್ಕು ಕೂಡಲೇ ‘ಆಗುವುದಿಲ್ಲ’ ಎನ್ನುವುದಿಲ್ಲ. ಅಲ್ಲೇ ಮತ್ತೆ ಮತ್ತೆ ಸುತ್ತಿ ಓದಲು ಹೆಣಗುತ್ತದೆ. ಕಾಯಿಲೆಯವರಿಗೆ ಮೆಟ್ಟಿಲು ಹತ್ತಿಸಿದಂತೆ, ಆ ಹೆಣಗಾಟದಲ್ಲೇ ಅದು ಇನ್ನಷ್ಟು ಸೋಲುವುದುಂಟು.

ಒಂದು ಬೆಳಿಗ್ಗೆ ಕಪ್ಪು ತೆರೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಇಲ್ಲ. ‘ಕೆಟ್ಟದ್ದು ನಿನ್ನ ಲಿನಕ್ಸಾದರೆ ನನ್ನ ವಿಂಡೋಸ್ ಎಲ್ಲಿ ಹೋಯಿತು?’ ಎಂದು ತಂದೆ ರೇಗಿದರು. ಅದು ಎಲ್ಲಿಗೂ ಹೋಗಿರಲಿಲ್ಲ. ಬಾಗಿಲು ಕಾಯುವ ಗ್ರಬ್‌ನ ಸಾಮಗ್ರಿಯೆಲ್ಲ ಇರುವುದು ಲಿನಕ್ಸ್ ಹೋಳಿನಲ್ಲಿ. ಅಲ್ಲಿನ ಗದ್ದೆ ಕೆಟ್ಟಿದ್ದರಿಂದ ಎರಡು ಬಾಗಿಲೂ ಮುಚ್ಚಿದ್ದವು. ಒಳಗಿನ ಸಾಮಾನು ಬಹುಪಾಲು ಇದ್ದಲ್ಲೇ ಇತ್ತು.

ತಂದೆ ಲ್ಯಾಪ್‌ಟಾಪನ್ನು ಪೇಟೆಯ ಅಂಗಡಿಗೆ ಒಯ್ದರು. ಅಂಗಡಿಯವನು ಡಿಸ್ಕನ್ನು ಬಿಚ್ಚಿ ತನ್ನ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದ. ಬಹಳ ಹೊತ್ತಿನ ಮೇಲೆ, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಮೂಡಿತು. ‘ಖಾಲಿ ತೋರಿಸ್ತಿದೆ ಸಾರ್, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡ್ತೀನಿ’ ಎಂದ. ಅವನನ್ನು ಬಯ್ದು ಫಲವಿಲ್ಲ. ಲಿನಕ್ಸ್ ಬಳಸುವ ‘ಇಎಕ್ಸ್‌ಟಿ4’ ಎಂಬ ಬರವಣಿಗೆಯ ಕ್ರಮ ವಿಂಡೋಸ್‌ಗೆ ಸಹಜವಾಗಿ ಓದಲು ಬರುವುದಿಲ್ಲ. ಕನ್ನಡ ಬಾರದವರ ಕೈಗೆ ರಿಜಿಸ್ಟರು ಕೊಟ್ಟರೆ ಗೀಚಿದ ಪುಸ್ತಕ ಎನ್ನುವುದಿಲ್ಲವೇ, ಹಾಗೆ. ಮೌಸ್ ಇನ್ನೇನು ‘ಎಸ್’ ಮೇಲೆ ಹೋಗಬೇಕು, ಕಾಲೇಜಿನಿಂದ ಓಡಿಬಂದ ಹುಡುಗ ಕೈ ಹಿಡಿದುಕೊಂಡ. ‘ಅಪ್ಪ, ಅಜ್ಜನ ಮಳೆ ಇದರಲ್ಲಿದೆ.’ ತಂದೆಗೆ ಆಗಲೇ ಗೊತ್ತಾದದ್ದು, ಒಲೆಗೆ ಹೋದದ್ದಕ್ಕೆ ಬೇರೆ ಪ್ರತಿ ಎಲ್ಲೂ ಇಲ್ಲವೆಂದು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಆದರೆ ಮರುದಿನ ಕೇಳದೆಯೇ 1 ಟಿಬಿಯ ಹೊಸ ಹೊರ ಡಿಸ್ಕೊಂದನ್ನು ಕೊಂಡು ತಂದು ಮೇಜಿನ ಮೇಲಿಟ್ಟರು.

ಕಾಲೇಜಿನ ಪ್ರಯೋಗಾಲಯದ ಸಹಾಯಕರೊಬ್ಬರು ಕೇಳಿದ ಮೊದಲ ಪ್ರಶ್ನೆ: ‘ಟಕ್ ಟಕ್ ಶಬ್ದ ಬರುತ್ತಿತ್ತೇ?’ ಬರುತ್ತಿದ್ದರೆ ಓದುವ ಮುಳ್ಳೇ ಕೆಟ್ಟಿದೆಯೆಂದು ಅನುಮಾನಿಸಬೇಕು. ಆಗ ಕೂಡಲೇ ವಿದ್ಯುತ್ ತೆಗೆದು, ದೂಳಿಲ್ಲದ ಕೋಣೆಯಿರುವ ತಜ್ಞರಿಗೆ ಕಳಿಸಬೇಕು. ಅಂಥವರ ಕೈಚಳಕಕ್ಕೆ ಮಿತಿಯಿಲ್ಲ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರುವರಿ 1ರಂದು ಆಕಾಶದಲ್ಲೇ ಛಿದ್ರವಾಯಿತಷ್ಟೆ. ಅದರ ಒಂದು ಡಿಸ್ಕು ತಿಂಗಳುಗಳ ನಂತರ ಟೆಕ್ಸಾಸಿನ ಒಣಗಿದ ಕೆರೆಯಂಗಳದಲ್ಲಿ ಸುಟ್ಟ ಮುದ್ದೆಯಾಗಿ ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಎಂಬ ಸಂಸ್ಥೆಯವರು ತಟ್ಟೆಗಳನ್ನು ತೊಳೆದು ಬೇರೆ ಪೆಟ್ಟಿಗೆಗೆ ಕೂರಿಸಿ ಶೇಕಡ 99ರಷ್ಟು ಮಾಹಿತಿ ಓದಿದರು. ಕ್ಸೆನಾನ್ ಅನಿಲದ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2008ರಲ್ಲಿ ಅಚ್ಚಾಯಿತು. ಇನ್ನು ಕೆಟ್ಟ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಹೊರಗೆ ತೆಗೆದೊಡನೆ ತಟ್ಟೆಯ ಮೇಲೆ ಇಬ್ಬನಿ ಕೂತರೆ ಗತಿಯೇನೆಂದು ಅವರು ಹೇಳುವುದಿಲ್ಲ.

ಅದೃಷ್ಟಕ್ಕೆ ಈ ಡಿಸ್ಕಿನಲ್ಲಿ ಶಬ್ದವಿರಲಿಲ್ಲ. ಸಹಾಯಕರು ಹೇಳಿದ್ದು ಇಷ್ಟು: ಇನ್ನು ಇದರಿಂದ ಯಂತ್ರ ಹಚ್ಚಬಾರದು, ಇದರ ಮೇಲೆ ಒಂದಕ್ಷರವನ್ನೂ ಬರೆಯಬಾರದು, ವಿಂಡೋಸ್‌ನ ‘ಚೆಕ್ ಡಿಸ್ಕ್’ ಆಗಲಿ ಲಿನಕ್ಸ್‌ನ ದುರಸ್ತಿ ಆಜ್ಞೆಯಾಗಲಿ ಮುಟ್ಟಬಾರದು. ರೋಗಿ ಉಸಿರಾಡುತ್ತಿರುವಾಗಲೇ ಪೂರ್ತಿ ನಕಲು ಇಳಿಸಿಕೊಳ್ಳಬೇಕು, ರಿಪೇರಿಯೆಲ್ಲ ನಕಲಿನ ಮೇಲೆ.

ಪ್ರಯೋಗಾಲಯದ ಹಳೆಯ ಕಂಪ್ಯೂಟರನ್ನು ಪೆನ್‌ಡ್ರೈವಿನ ಲಿನಕ್ಸ್‌ನಿಂದ ಹಚ್ಚಿದರು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ‘ಸ್ಮಾರ್ಟ್’ ಎನ್ನುತ್ತಾರೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಕಾಲಮ್ಮಿನಲ್ಲಿ ಸೊನ್ನೆ ಇರಬೇಕಾದ ಕಡೆ ನೂರಾರು ಇದ್ದವು. ಆಮೇಲೆ ಬಳಸಿದ್ದು ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ. ಅದರ ರೀತಿ ಕಾಫಿ ಕೊಯ್ಲಿನದೇ. ಮೊದಲು ಕೈಗೆ ಸುಲಭವಾಗಿ ಬರುವ ಹಣ್ಣನ್ನು ಕೊಯ್ಯುತ್ತ ಹೋಗುತ್ತದೆ. ತಡೆದಲ್ಲಿ ನಿಲ್ಲದೆ ಮುಂದೆ ಹಾರುತ್ತದೆ. ಎರಡನೇ ಸುತ್ತಿನಲ್ಲಿ ಬಿಟ್ಟುಹೋದ ಕಡೆ ಅಂಚಿನಿಂದ ಒಳಕ್ಕೆ ಬರುತ್ತದೆ. ಕೊನೆಗೆ ನೆಲಕ್ಕುದುರಿದ್ದನ್ನು ಆಯುವಂತೆ ಒಂದೊಂದೇ ಸೆಕ್ಟರನ್ನು ಕೆದಕುತ್ತದೆ. ಎಲ್ಲಿ ಆಯಿತು, ಎಲ್ಲಿ ಬಾಕಿ ಎಂಬ ನಕ್ಷೆಯನ್ನು ಬೇರೊಂದು ಕಡತದಲ್ಲಿ ಬರೆದುಕೊಳ್ಳುತ್ತದೆ. ಆಜ್ಞೆಯಲ್ಲಿ ಮೊದಲು ಹಳೆಯ ಡಿಸ್ಕಿನ ಹೆಸರು, ನಂತರ ಹೊಸದು. ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ! 500 ಯಾವುದು, 1000 ಯಾವುದು ಎಂದು ಹುಡುಗ ಮೂರು ಸಲ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಾಯಕರು ಎಂಟರ್ ಒತ್ತಲು ಬಿಟ್ಟರು.

ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಹುಡುಗನ ಎದೆ ಬಡಿತವೇ ಕೇಳುವಂತಿತ್ತು. ನಾಲ್ಕಕ್ಕೆ ಬಂದಾಗ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ, ನಕ್ಷೆ ನೋಡಿಕೊಂಡು ನಿಂತಲ್ಲಿಂದ ಮುಂದುವರಿಯಿತು.

ಮರುದಿನ ಸಂಜೆಗೆ ಬಾಕಿ ಉಳಿದದ್ದು 21 ಎಂಬಿ. 500 ಜಿಬಿಯಲ್ಲಿ ಅದು ಹತ್ತು ಸಾವಿರದ ಒಂದು ಪಾಲೂ ಅಲ್ಲ. ಅಂಕಿಗೇನು, ಕಳೆದದ್ದು ಯಾವುದು ಎಂಬುದೇ ಮುಖ್ಯ. ತಂದೆಯ ತೋಟದ ಲೆಕ್ಕ ಪೂರ್ತಿ ಬಂತು. ಮಳೆಯ 528 ಪುಟಗಳಲ್ಲಿ ಐದು ಕೆಟ್ಟಿದ್ದವು. ಅವುಗಳಲ್ಲಿ ನಾಲ್ಕು 1988ಕ್ಕೆ ಹಿಂದಿನವು. ಎಲ್ಲರೂ ನಕ್ಕಿದ್ದ, ಅದೇ ಡಿಸ್ಕಿನ ಆ ಡಿಸೆಂಬರ್ ಪ್ರತಿಯಲ್ಲಿ ನಾಲ್ಕೂ ಸರಿಯಾಗಿ ಸಿಕ್ಕವು. ಐದನೆಯದು 1992ರ ಜುಲೈ. ಪುಟದ ಮೇಲರ್ಧದಲ್ಲಿ ಅಜ್ಜನ ಓರೆ ಅಕ್ಷರ 17ನೇ ತಾರೀಖಿನವರೆಗೆ ಸ್ಪಷ್ಟವಾಗಿದೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ.

ಪ್ರಾಜೆಕ್ಟು ಒಪ್ಪಿಸುವ ಮೊದಲು, ‘ಉಳಿದ ವರ್ಷಗಳ ಸರಾಸರಿ ಹಾಕಿಬಿಡು, ಯಾರಿಗೆ ತಿಳಿಯುತ್ತೆ’ ಎಂದರು ತಂದೆ. ‘ಸೊನ್ನೆ ಹಾಕಿದರಾಯಿತಪ್ಪ’ ಎಂದರು ತಾಯಿ. ಸೊನ್ನೆ ಹಾಕಿದರೆ ಆ ದಿನ ಮಳೆ ಬರಲಿಲ್ಲ ಎಂದಾಗುತ್ತದೆ. ಜುಲೈಯಲ್ಲಿ, ಅದೂ ಮಲೆನಾಡಿನಲ್ಲಿ! ಹುಡುಗ ಗುಡ್ಡದಾಚೆಯ ತೋಟಕ್ಕೆ ಹೋಗಿ ಅವರ ರಿಜಿಸ್ಟರು ನೋಡಿ ಬಂದ. ಗುಡ್ಡ ದಾಟಿದರೆ ಮಳೆಯೇ ಬೇರೆ, ಅದನ್ನು ತಂದು ಇಲ್ಲಿ ಸುರಿಯಲಾಗುವುದಿಲ್ಲ. ಅವರ ಅಂಕಿಗಳನ್ನು ಪಕ್ಕದಲ್ಲಿ ಬೇರೆ ಕಾಲಮ್ಮು ಮಾಡಿ ಬರೆದ. ಅಜ್ಜನ ಕಾಲಮ್ಮಿನಲ್ಲಿ ಜುಲೈ 18ರಿಂದ 31ರವರೆಗೆ ಹದಿನಾಲ್ಕು ಮನೆಗಳನ್ನು ಖಾಲಿ ಬಿಟ್ಟ.